ಅತ್ತೆ ಎಣಿಸಿದ ಏಳು ನೀರು

ನಮ್ಮ ಅತ್ತೆ ಜೀವಮಾನದಲ್ಲಿ ಕಾರು ಹತ್ತಿದ್ದು ಎರಡೋ ಮೂರೋ ಸಲ. ಆದರೆ ಅವರಷ್ಟು ಚೆನ್ನಾಗಿ ಕಾರು ತೊಳೆದವರನ್ನು ನಾನು ಈವರೆಗೆ ಕಂಡಿಲ್ಲ. ಅವರು ತೊಳೆದದ್ದಾದರೂ ಒಂದೇ ಸಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಕುಂಬ್ಡಾಜೆಯ ಗುಡ್ಡದ ಬದಿಯ ನಮ್ಮ ಮನೆಗೆ ಬಂದವರು. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವರು. ಮಡಿಯೆಂದರೆ ಅಂಥ ಮಡಿ, ಒಣಗಲು ಹಾಕಿದ ಅವರ ಸೀರೆಯ ಹತ್ತಿರ ಹಾಯುವಾಗ ನಾವು ಉಸಿರು ಹಿಡಿದು ನಡೆಯುತ್ತಿದ್ದೆವು. ಆದರೂ ಸುತ್ತಲಿನ ಮನೆಗಳಲ್ಲಿ ಹೆರಿಗೆ ಎಂದಾಗ ಮೊದಲು ಓಡುವವರು ಅವರೇ. ಕೆಲಸವಾದ ಮೇಲೆ ತಲೆಗೆ ನೀರು ಹೊಯ್ದುಕೊಂಡರಾಯಿತು ಎನ್ನುತ್ತಿದ್ದರು.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು. ನಾನು ಶಾಲೆಯಲ್ಲಿ ಮಾಸ್ತರನಾಗಿದ್ದೆ. ತಂಗಿ ಹೆರಿಗೆಗೆ ಬಂದು, ಮಗುವಿಗೆ ಆಗ ಮೂರು ತಿಂಗಳು. ಬಾವನಿಗೆ ದೂರದ ಕೊಯಮತ್ತೂರಿನಲ್ಲಿ ಉದ್ಯೋಗ. ರಜೆ ಸಿಗದೆ ಮಗುವಿನ ಮುಖವನ್ನೇ ನೋಡಿರಲಿಲ್ಲ. ಕಚೇರಿಯ ಕೆಲಸಕ್ಕೆಂದು ಒಂದು ದಿನ ಮಂಗಳೂರಿಗೆ ಬರುವವರು ಕಾಗದ ಬರೆದಿದ್ದರು: ಮರುದಿನ ಮಧ್ಯಾಹ್ನದ ರೈಲಿನಲ್ಲಿ ಹಿಂದಿರುಗುತ್ತೇನೆ, ಮಗುವನ್ನು ಕರೆದುಕೊಂಡು ಕಾಸರಗೋಡು ಸ್ಟೇಷನ್ನಿನಲ್ಲಿ ನಿಂತಿರು, ಜೊತೆಗೇ ಹೋಗೋಣ. ಅದು ತಪ್ಪಿದರೆ ಇನ್ನು ದೀಪಾವಳಿಗೇ. ತಂಗಿ ಆ ಕಾಗದವನ್ನು ಎಷ್ಟು ಸಲ ಬಿಡಿಸಿ ಮಡಚಿದ್ದಳೆಂದರೆ ಮಡಿಕೆಯ ಮೇಲಿದ್ದ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು.

ಬಾಡಿಗೆ ಕಾರು ಗೊತ್ತುಮಾಡಿದ್ದೆ. ಕಾರಿನ ಯಜಮಾನರೂ ಅವರೇ, ಡ್ರೈವರೂ ಅವರೇ, ಐವತ್ತು ದಾಟಿದ ಒಬ್ಬ ಬ್ಯಾರಿಗಳು, ನಮ್ಮ ಕಡೆಯ ಮುಸಲ್ಮಾನರು. ಬೆಳಿಗ್ಗೆ ಎಂಟಕ್ಕೆ ಕಾರು ಅಂಗಳದ ಕೆಳಗೆ ಬಂದು ನಿಂತಿತು. ಅವರು ಇಳಿದರು, ಕಾರಿನಿಂದ ಹತ್ತು ಮಾರು ದೂರ ಹೋಗಿ ನಿಂತರು.

“ಮಾಷ್ಟ್ರೆ, ಹತ್ತಿರ ಬರ್ಬೇಡಿ. ನೆಕ್ರಾಜೆ ದಾಟಿದ ತಿರುವಿನಲ್ಲಿ ಕಾಡುಹಂದಿ ಬಡಿಯಿತು.”

“ಹಂದಿ ಕಾರಿಗೆ ಬಡಿದದ್ದಾ, ಕಾರು ಹಂದಿಗಾ?”

“ಅದನ್ನು ಹಂದಿಯತ್ರವೇ ಕೇಳ್ಬೇಕು. ಅದೀಗ ಯಾರ ಒಲೆಯಲ್ಲಿ ಉಂಟೋ!”

ಮಾತು ತಮಾಷೆಯದಾದರೂ ಮುಖ ಬಾಡಿತ್ತು. ಒಂದು ದೀಪದ ಗಾಜು ಪುಡಿಯಾಗಿತ್ತು. ಬಂಪರಿನಲ್ಲಿ, ಮಡ್‌ಗಾರ್ಡಿನ ಒಳಗೆ, ಕಾಲಿಟ್ಟು ಹತ್ತುವ ಹಲಗೆಯ ಮೇಲೆ ರಕ್ತ, ಕೂದಲು, ಕೊಬ್ಬು. ಹಂದಿ ಅವರಿಗೆ ಮುಟ್ಟಕೂಡದ್ದು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಕಾಲದ ಕಾರಿಗೋ, ಮುಂದೆ ನಿಂತು ಹ್ಯಾಂಡಲ್ ತಿರುಗಿಸದೆ ಜೀವ ಬರುವುದಿಲ್ಲ. ಹ್ಯಾಂಡಲ್ ತೂರಿಸುವ ತೂತು ಇದ್ದದ್ದು ಹಂದಿ ಬಡಿದ ಜಾಗದಲ್ಲೇ.

ನಾನು ಹೆಚ್ಚು ಯೋಚಿಸಲಿಲ್ಲ. ನಮ್ಮ ಮನೆಯಲ್ಲಿ ಯಾವ ಕೊಳೆಗೂ ಬಚ್ಚಲಿನ ಹಂಡೆಯ ನೀರೇ ಮದ್ದು. ಒಂದು ಕೊಡ ಕುದಿನೀರು ತಂದು ಮಡ್‌ಗಾರ್ಡಿನ ಮೇಲೆ ಸುರಿದೆ. ರಕ್ತ ಹರಿದುಹೋಗುವ ಬದಲು ಕಾವಲಿಗೆ ಅಂಟಿದ ದೋಸೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿ ಕಚ್ಚಿಕೊಂಡಿತು. ವಾಸನೆ ಜಗಲಿಯವರೆಗೆ ಬಂತು.

ಅತ್ತೆ ಹೊರಗೆ ಬಂದರು. “ರಕ್ತಕ್ಕೆ ಬಿಸಿನೀರು ಯಾರಾದ್ರೂ ಹಾಕ್ತಾರಾ ಮಾರಾಯ? ಬೇಯಿಸಿಯೇ ಬಿಟ್ಟೆಯಲ್ಲ! ಬಾಣಂತಿಯ ಬಟ್ಟೆ ಒಂದು ದಿನ ಒಗೆದಿದ್ರೆ ಗೊತ್ತಾಗ್ತಿತ್ತು. ಮಕ್ಕಳಿಗೆ ಎಂತ ಕಲಿಸ್ತೀಯೋ ನೀನು. ಕೈ ತೋರಿಸು.”

ತೋರಿಸಿದೆ. ಹಿಂದಿನ ದಿನ ಕತ್ತಿ ತಾಗಿದ ಗಾಯ ಬೆರಳಿನಲ್ಲಿತ್ತು.

“ನೀನು ನೀರು ಸೇದು, ಸಾಕು. ಗಾಯದ ಕೈಗೆ ಕಾಡುಪ್ರಾಣಿಯ ರಕ್ತ ತಾಗಬಾರದು.” ಮತ್ತೆ ಬ್ಯಾರಿಗಳ ಕಡೆ ತಿರುಗಿ, “ನಿಮಗೆ ಹೇಗೆ ತೊಳೆದರೆ ಶುದ್ಧ?” ಎಂದರು.

ಅವರು ಸಂಕೋಚದಿಂದ ಟೊಪ್ಪಿ ಸರಿಮಾಡಿಕೊಂಡರು. “ನಮ್ಮಲ್ಲಿ ಏಳು ನೀರು ಅಮ್ಮ. ಅದ್ರಲ್ಲಿ ಒಂದು ಮಣ್ಣು ಕಲಸಿದ್ದು. ಆದ್ರೆ ನಿಮಗೆ ತಡ ಆಗ್ತದೆ. ಮಾಷ್ಟ್ರು ಹ್ಯಾಂಡಲ್ ತಿರುಗಿಸಿದ್ರೆ ನಾನು ಹೇಗಾದ್ರೂ ಸ್ಟೇಷನ್ನಿಗೆ ಮುಟ್ಟಿಸ್ತೇನೆ.”

“ಹೇಗಾದ್ರೂ ಎಂತಕ್ಕೆ? ಏಳು ಅಂದ್ರೆ ಏಳು. ಆ ಹಲಗೆಗೆ ಕಾಲಿಟ್ಟು ಹತ್ತುವುದು ನಮ್ಮ ಕೂಸು ಹಿಡಿದವಳು. ಹಂದಿಯ ಉಣ್ಣಿ ಅದರಲ್ಲಿ ಎಷ್ಟು ಉಂಟೋ! ಒಂದು ಹರಿದು ಮಗುವಿನ ಕಿವಿಗೆ ಹೋದ್ರೆ? ನೀವು ಅಲ್ಲಿಂದ ಹೇಳಿ, ನಾನು ತೊಳೀತೇನೆ.”

ಅಡಿಕೆ ಹಾಳೆಗಳನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಎರಡೂ ಕೈಗೆ ಮೊಣಕೈವರೆಗೆ ಸುತ್ತಿಸಿಕೊಂಡರು. ತಂಗಿ ಬಾಳೆಯ ನಾರಿನಿಂದ ಕಟ್ಟಿದಳು. ಸೀರೆ ಎತ್ತಿ ಸಿಕ್ಕಿಸಿ, ಮೂಗಿಗೆ ಬಟ್ಟೆ ಬಿಗಿದು ಅತ್ತೆ ಕಾರಿನ ಎದುರು ನಿಂತದ್ದನ್ನು ನೋಡಿ ಬ್ಯಾರಿಗಳಿಗೂ ನಗು ತಡೆಯಲಾಗಲಿಲ್ಲ. ಮೊದಲು ಗಾಜು. ಹಸಿ ಮಣ್ಣಿನ ಉಂಡೆ ಮಾಡಿ ದೀಪದ ಸುತ್ತ ಒತ್ತಿ ಒತ್ತಿ ತೆಗೆದರು. ಕಣ್ಣಿಗೆ ಕಾಣದ ಚೂರುಗಳೂ ಅದರಲ್ಲಿ ಬಂದವು. ಆಮೇಲೆ ತಣ್ಣೀರಿನ ಕೊಡ ಎತ್ತಿದರು.

“ಅಮ್ಮ, ನಿಲ್ಲಿ!” ಬ್ಯಾರಿಗಳು ಕೂಗಿದರು. “ಎದುರಿನ ಜಾಲರಿಯ ಹಿಂದೆ ನೀರು ಕುದೀತಾ ಉಂಟು. ತಣ್ಣೀರು ಬಿದ್ರೆ ರೇಡಿಯೇಟರ್ ಒಡೀತದೆ. ಹಲಗೆಯಿಂದ ಸುರು ಮಾಡಿ, ಅದು ತಣೀಲಿ.”

“ಕಾರಿಗೂ ಬಾಣಂತಿಯ ಪಥ್ಯ ಉಂಟಾ!” ಎಂದು ಅತ್ತೆ ಹಿಂದೆ ಸರಿದರು.

ಹೀಗೆ ನಡೆಯಿತು ಕೆಲಸ. ಬ್ಯಾರಿಗಳು ಕಟ್ಟೆಯ ಮೇಲೆ ಕುಳಿತು ಬೆತ್ತದ ಕೋಲಿನಿಂದ ಗಾಳಿಯಲ್ಲಿ ತೋರಿಸುವುದು: ಅಲ್ಲಿ ಕಬ್ಬಿಣದ ತಗಡು ಕೊಯ್ತದೆ, ಜಾಗ್ರತೆ, ಚಕ್ರದ ಒಳಗೆ ಕೂದಲು ಉಂಟು, ಆ ತಂತಿ ಎಳೀಬೇಡಿ. ಅತ್ತೆ ತೆಂಗಿನ ಸಿಪ್ಪೆಯಿಂದ ತಿಕ್ಕುವುದು. ನಾನು ಬೇಯಿಸಿಟ್ಟದ್ದನ್ನು ಉಪ್ಪು ನೀರಿನಲ್ಲಿ ನೆನೆಸಿ, ಬಿದಿರಿನ ಸಲಾಕೆಯಿಂದ ಕೆರೆಯಬೇಕಾಯಿತು. ಅದಕ್ಕೇ ಅರ್ಧ ಗಂಟೆ. ಕಿತ್ತ ಕೂದಲನ್ನೂ ತಿಕ್ಕಿದ ಸಿಪ್ಪೆಯನ್ನೂ ದೂರದಲ್ಲಿ ತೆಂಗಿನ ಒಣ ಮಡಲಿನ ರಾಶಿಗೆ ಎಸೆದು ಬೆಂಕಿ ಕೊಡಿಸಿದರು. ಉಣ್ಣಿಗಳು ಚಟಚಟ ಸಿಡಿದವು.

ಎಲ್ಲ ಕೆರೆದಾದ ಮೇಲೆ ಏಳು ನೀರು. ಮೊದಲನೆಯದೇ ಮಣ್ಣಿನದು. ಸೋಪಿಗೂ ಬಿಡದ ಕೊಬ್ಬು ಆ ಕೆಸರಿನೊಂದಿಗೆ ಜಾರಿ ಬಂದದ್ದನ್ನು ನೋಡಿ ಅತ್ತೆ, “ಬ್ಯಾರಿಗಳೇ, ನಿಮ್ಮ ಹಿರಿಯರು ಜಾಣರು” ಎಂದರು. “ಅವ್ರು ಕಾರು ತೊಳೀಲಿಲ್ಲ ಅಮ್ಮ,” ಎಂದರು ಅವರು.

ಎರಡು, ಮೂರು, ನಾಲ್ಕು. ಬಾವಿಯ ಹಗ್ಗಕ್ಕೆ ನನ್ನ ಅಂಗೈ ಉರಿಯುತ್ತಿತ್ತು. ತಂಗಿ ಜಗಲಿಯಲ್ಲಿ ಮಗುವನ್ನು ಎತ್ತಿಕೊಂಡು ಗಡಿಯಾರ ನೋಡುವುದಕ್ಕೆಂದೇ ಒಳಗೆ ಹೊರಗೆ ಓಡಾಡುತ್ತಿದ್ದಳು. ಹತ್ತೂವರೆ ದಾಟಿತು. ಆ ರಸ್ತೆಯಲ್ಲಿ ಎರಡು ಗಂಟೆ ಬೇಕೇ ಬೇಕು. ಆರನೆಯದಾದಾಗ ನನ್ನಿಂದ ತಡೆಯಲಾಗಲಿಲ್ಲ.

“ಸಾಕು ಅತ್ತೆ. ಕನ್ನಡಿಯ ಹಾಗೆ ಆಯ್ತು. ಒಂದು ಕಮ್ಮಿಯಾದ್ರೆ ಯಾರು ಎಣಿಸ್ತಾರೆ?”

“ನಾನು ಎಣಿಸ್ತಾ ಇದ್ದೇನಲ್ಲ,” ಎಂದರು ಅತ್ತೆ. “ಬಾವಿಗೆ ಹೋಗು.”

ಏಳನೆಯದೂ ಆಯಿತು. ಬ್ಯಾರಿಗಳು ಎದ್ದು ಬಂದು ಬಂಪರಿನ ಮೇಲೆ ಅಂಗೈ ಇಟ್ಟರು. ಆಮೇಲೆ ಹ್ಯಾಂಡಲ್ ತೂರಿಸಿ ತಿರುಗಿಸಿದರು. ಮೂರನೆಯ ಸುತ್ತಿಗೆ ಎಂಜಿನ್ ಕೆಮ್ಮಿ ಎದ್ದಿತು. ಒದ್ದೆಯಾದ ಬ್ರೇಕು ಹಿಡಿಯದೆಂದು ಕೆಳಗಿನ ಸಮತಟ್ಟಿನಲ್ಲಿ ಮೆಲ್ಲಗೆ ಎರಡು ಸುತ್ತು ಓಡಿಸಿ, ತುಳಿದು ತುಳಿದು ನೋಡಿ, ಆಮೇಲೆಯೇ “ಹತ್ತಿ” ಎಂದರು.

ಅತ್ತೆಗೆ ಸ್ನಾನ ಮಾಡಲು ಹೊತ್ತೇ ಉಳಿದಿರಲಿಲ್ಲ. ಸ್ನಾನವಾಗದೆ ಮಗುವನ್ನು ಮುಟ್ಟುವಂತಿಲ್ಲ. ಮೂರು ತಿಂಗಳು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದ ಮಗು. ತಂಗಿ ಹತ್ತಿರ ಹೋದರೆ ಅವರು ಹಿಂದೆ ಹಿಂದೆ ಸರಿದರು. “ಬರ್ಬೇಡ, ಬರ್ಬೇಡ. ಅಲ್ಲಿಂದಲೇ ಮುಖ ತೋರಿಸು.” ತಂಗಿ ಮಗುವನ್ನು ಎತ್ತಿ ಹಿಡಿದಳು. ಅತ್ತೆ ಹಾಳೆ ಸುತ್ತಿದ ಕೈ ಬೀಸಿದರು. ಮಗು ಆ ವಿಚಿತ್ರ ಕೈ ನೋಡಿ ನಕ್ಕಿತು.

ನಾವು ಸ್ಟೇಷನ್ ಮುಟ್ಟುವಾಗ ರೈಲು ಬಂದು ನಿಂತಿತ್ತು. ಬಾವ ಬಾಗಿಲಲ್ಲೇ ಇದ್ದರು. ಮಾತಿಗೆ ಸಮಯವಿರಲಿಲ್ಲ, ಮೊದಲು ಮಗು, ಆಮೇಲೆ ತಂಗಿ, ಆಮೇಲೆ ಬ್ಯಾರಿಗಳು ಹೆಗಲಲ್ಲಿ ಹೊತ್ತು ಓಡಿ ತಂದ ಟ್ರಂಕು. ರೈಲು ಶಿಳ್ಳೆ ಹಾಕಿತು.

ಹಿಂದಿರುಗುವ ದಾರಿಯಲ್ಲಿ ಹಂದಿ ಬಿದ್ದ ತಿರುವು ದಾಟಿದ ಮೇಲೆ ಬ್ಯಾರಿಗಳು ಹೇಳಿದರು: “ಮಾಷ್ಟ್ರೆ, ಒಂದು ಮಾತು. ಐದಾದ ಮೇಲೆ ನನಗೆ ಲೆಕ್ಕ ತಪ್ಪಿತ್ತು. ಅಮ್ಮ ಆರಕ್ಕೆ ನಿಲ್ಲಿಸಿದ್ರೂ ನಾನು ಏಳು ಅಂತಲೇ ನಂಬ್ತಿದ್ದೆ.”

ಮನೆಗೆ ಬಂದು ಅತ್ತೆಗೆ ಇದನ್ನು ಹೇಳಿದೆ. ಮಿಂದು, ಒದ್ದೆ ತಲೆಯಲ್ಲಿ ಜಗಲಿಯ ಮೇಲೆ ಮಗುವಿನ ಖಾಲಿ ತೊಟ್ಟಿಲಿನ ಹಗ್ಗ ಬಿಚ್ಚುತ್ತಿದ್ದರು.

“ಅದು ಇರಲಿ,” ಎಂದರು. “ಅಪ್ಪ ಎತ್ತಿಕೊಂಡಾಗ ಕೂಸು ಅತ್ತಿತಾ?”