ಹೇಳದೆ ಹೋದ ಮುನಿಶಾಮಿ

ಬಾಣಸವಾಡಿಯ ಮುನಿಶಾಮಿಗೆ ಲಾರಿ ಓಡಿಸಲು ಕಲಿಸಿದವರು ಶಿವಾಜಿನಗರದ ಯೂಸುಫ್ ಸಾಬರು. ಕಾರ್ಖಾನೆಗಳ ಭಾರೀ ಯಂತ್ರಗಳನ್ನು ತೆರೆದ ಟ್ರೈಲರಿನಲ್ಲಿ ಸಾಗಿಸುವುದು ಅವರ ಕೆಲಸ. ವಯಸ್ಸಾಗಿ ಕಣ್ಣು ಮಂಜಾಗುತ್ತಿತ್ತು. "ನಾನು ಕಲಿಸಿದ ಹುಡುಗ ಬರ್ತಾನೆ. ಅವನು ಓಡಿಸ್ಲಿ, ನಾನು ಪಕ್ಕದಲ್ಲಿ ಕೂತು ದಾರಿ ಹೇಳ್ತೀನಿ" ಎಂದು ಮಾಲೀಕರನ್ನು ಒಪ್ಪಿಸಿದ್ದರು.

೧೯೭೧ರಲ್ಲಿ ಲೈಸೆನ್ಸ್ ಕೈಗೆ ಬಂದ ಕೂಡಲೇ ಕೆ.ಆರ್. ಪುರದ ದೊಡ್ಡ ಕಂಪನಿಯೊಂದು ಮುನಿಶಾಮಿಯನ್ನು ಕರೆಯಿತು. ಅಲ್ಲಿ ಹೊಸ ಗಾಡಿ, ಬೊಂಬಾಯಿ ದಾರಿ, ಪಕ್ಕದಲ್ಲಿ ಹೇಳುವವರು ಕೇಳುವವರು ಇಲ್ಲ. ಅವನು ಒಪ್ಪಿಕೊಂಡ. ಸಾಬರಿಗೆ ಹೇಳಲು ಬಾಯಿ ಬರದೆ ಹಾಗೆಯೇ ಹೊರಟುಬಿಟ್ಟ.

ಬೊಂಬಾಯಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಸಾಬರ ಕೆಲಸ ಹೋಗಿತ್ತು. ಅವರೊಬ್ಬರನ್ನೇ ಗಾಡಿಯಲ್ಲಿ ಕಳಿಸಲು ಮಾಲೀಕರಿಗೆ ಧೈರ್ಯ ಬಂದಿರಲಿಲ್ಲ. ಮುನಿಶಾಮಿ ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತ.

"ತಪ್ಪಾಯ್ತು ಉಸ್ತಾದ್. ನೀವು ಕಾಯ್ತಿರ್ತೀರಾ ಅಂತ ಗೊತ್ತಿದ್ದೂ ಹೋಗ್ಬಿಟ್ಟೆ."

"ಹೋಗಿದ್ದು ತಪ್ಪಲ್ಲ ಬೇಟಾ. ನಿನ್ನ ವಯಸ್ಸಲ್ಲಿ ನಾನೂ ಹೊಸ ಗಾಡೀನೇ ಆರಿಸ್ಕೊಳ್ತಿದ್ದೆ. ಹೇಳಿ ಹೋಗಿದ್ರೆ ಬೇರೆ ಯಾರನ್ನಾದ್ರೂ ಹುಡುಕ್ತಿದ್ದೆ, ಅಷ್ಟೇ" ಎಂದರು ಸಾಬರು. "ಒಳಗೆ ಬಾ. ಘಾಟೀಲಿ ಗಾಡಿ ಹೇಗೆ ಇಳಿಸ್ದೆ, ಹೇಳು."

ಮುನಿಶಾಮಿ ಹೇಳತೊಡಗಿದ. ಸಾಬರು ಕಣ್ಣು ಮುಚ್ಚಿಕೊಂಡು, ಎಡಗಾಲಿನಿಂದ ನೆಲದ ಮೇಲೆ ಕ್ಲಚ್ ಒತ್ತುತ್ತಾ ಕೇಳುತ್ತಿದ್ದರು. ಆ ಕಾಲನ್ನು ನೋಡಲಾರದೆ ಮುನಿಶಾಮಿ ಮುಖ ತಿರುಗಿಸಿದ.