ಗಣಕಯಂತ್ರದ ಕುಲಗೋತ್ರ

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ, ಎರಡು ಸ್ಟಾಪು ದಾಟುವುದರೊಳಗೆ ಪಕ್ಕದವರು 'ಯಾವೂರಾಯ್ತು ಸಾ?' ಎಂದು ಕೇಳದಿದ್ದರೆ ನನಗೆ ಅವರ ಆರೋಗ್ಯದ ಬಗ್ಗೆಯೇ ಅನುಮಾನ ಬರುತ್ತದೆ. ನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ ನಿವೃತ್ತನಾಗುವವರೆಗೂ ಆ ಪ್ರಶ್ನೆಗೆ ಉತ್ತರಿಸುತ್ತ, ಅದನ್ನೇ ಇತರರಿಗೆ ಹಾಕುತ್ತ ಓಡಾಡಿದವನು ನಾನು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನನ್ನ ಹೆಂಡತಿ ನನ್ನ ಕುತೂಹಲಕ್ಕೆಂದೇ ಮೀಸಲಿಟ್ಟಿದ್ದಾಳೆ.

ನಿವೃತ್ತಿಯ ಮೇಲೆ ಆ ಕುತೂಹಲ ಹಳೆಯ ಕಂಪ್ಯೂಟರುಗಳತ್ತ ಹೊರಳಿತು. ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಅವಕ್ಕೆ ಪುನರ್ಜನ್ಮ ಕೊಡುವ ಚಟ. ಆದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಒಂದೊಂದರ ಹೊಟ್ಟೆಯಲ್ಲಿ ಒಂದೊಂದು ಬಗೆ. ಅದಕ್ಕಾಗಿ ಪೆನ್‌ಡ್ರೈವಿನಲ್ಲಿ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಪುಟ್ಟ ಸ್ಕ್ರಿಪ್ಟೊಂದನ್ನು ಬರೆದಿಟ್ಟೆ: ಯಂತ್ರ ಏಳುತ್ತಿದ್ದಂತೆಯೇ ಅದು ಒಳಗಿರುವ ಕಾರ್ಡುಗಳ ಪಟ್ಟಿ ತರಿಸಿ, ಮೊದಲ ಹೆಸರಿಗೆ ಪರದೆಯ ಅಧಿಕಾರ ಒಪ್ಪಿಸುತ್ತದೆ. ಜಗುಲಿಯ ಮೇಲೆ ಮೊದಲು ಕಂಡವರನ್ನೇ ಯಜಮಾನರೆಂದು ಮಾತಾಡಿಸುವುದು ನಮ್ಮ ಕಡೆಯ ರೂಢಿಯಲ್ಲವೇ, ನಾನೂ ಅದನ್ನೇ ಮಾಡಿದೆ.

ನಂಜನಗೂಡಿನ ಹತ್ತಿರದ ಹೆಡತಲೆ ಹಳ್ಳಿಯ ಗ್ರಂಥಾಲಯಕ್ಕೆ ಹೊಸದಾಗಿ ಬಂದ ಮೇಲ್ವಿಚಾರಕಿ ನಾಗರತ್ನ ಕರೆದಾಗ ಇದೇ ಪಾಂಡಿತ್ಯವನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಆಕೆ ನರಸೀಪುರದ ಕಡೆಯವರು. ಅಲ್ಲಿದ್ದ ಒಂದೇ ಕಂಪ್ಯೂಟರು ಸೋಮವಾರದೊಳಗೆ ನಡೆಯದಿದ್ದರೆ ಗುಜರಿಗೆ ಹೋಗುತ್ತಿತ್ತು. ಕಣ್ಣು ಮಂಜಾದ ಹಿರಿಯರಿಗೆ ಅದರಲ್ಲಿ ಅಕ್ಷರ ದೊಡ್ಡದು ಮಾಡಿ ಓದಿಸಬೇಕೆಂಬ ನಾಗರತ್ನ ಅವರ ಆಸೆಯೂ ಅದರೊಂದಿಗೇ ಹೋಗುತ್ತಿತ್ತು.

ಮನೆಯಲ್ಲಿ ಎಲ್ಲ ಯಂತ್ರಗಳ ಮೇಲೂ ಗೆದ್ದಿದ್ದ ಸ್ಕ್ರಿಪ್ಟು ಅಲ್ಲಿ ಮುಗ್ಗರಿಸಿತು. ಪರದೆ ಕಾಡಿಗೆಯಂತೆ ಕಪ್ಪು. ನಾನು ಕರೆಂಟನ್ನು ದೂರಿದೆ, ಪರದೆಯನ್ನು ದೂರಿದೆ, ನನ್ನೊಬ್ಬನನ್ನು ಬಿಟ್ಟು ಎಲ್ಲರನ್ನೂ ದೂರಿದೆ. ನಾಗರತ್ನ ಕಂಪ್ಯೂಟರಿನ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು.

"ಸಾ, ಎರಡು ಕಾರ್ಡು ಅವೆ ಅನ್ಸುತ್ತೆ. ಪರದೆ ವೈರು ಕೆಳಗಿಂದಕ್ಕೆ ಚುಚ್ಚವ್ರೆ."

ನಿಜ. ಯಂತ್ರದ ಹುಟ್ಟುಕಾರ್ಡಿನ ಕಿಂಡಿ ತುಕ್ಕು ಹಿಡಿದಿದ್ದರಿಂದ ಯಾರೋ ಇನ್ನೊಂದನ್ನು ಕೂರಿಸಿದ್ದರು. ನನ್ನ ಸ್ಕ್ರಿಪ್ಟು ಪಟ್ಟಿಯ ಮೊದಲ ಹೆಸರನ್ನು ನಂಬಿ, ಕೆಲಸವನ್ನೇ ಬಿಟ್ಟ ಕಾರ್ಡಿಗೆ ಪಟ್ಟ ಕಟ್ಟಿತ್ತು. ಲ್ಯಾಪ್‌ಟಾಪು ತೆರೆದು ಸ್ಕ್ರಿಪ್ಟನ್ನು ತಿದ್ದತೊಡಗಿದೆ. ಏನು ಬದಲಿಸುತ್ತಿದ್ದೀರಿ ಎಂದು ಅವರು ಕೇಳಿದರು. ಹೆಸರು ಕೇಳುವುದನ್ನು ಬಿಟ್ಟು, ಪರದೆ ಯಾವ ಕಾರ್ಡಿಗೆ ಸೇರಿದೆ ಎಂದು ನೋಡುವಂತೆ ಹೇಳುತ್ತಿದ್ದೇನೆ ಎಂದೆ.

ಅವರು ಸ್ವಲ್ಪ ನಕ್ಕರು. "ಇಲ್ಲಿ ಪುಸ್ತಕಕ್ಕೆ ಬರೋರೂ ಮೊದ್ಲು ನಿಮ್ಮೂರಲ್ಲಿ ಯಾವ ಬೀದಿ ಅಂತಾರೆ ಸಾ. ಯೋಳಿದ್ಮೇಲೆ ಕೆಲವ್ರು ಪುಸ್ತಕ ತಕೊಳ್ದೇ ಓಗ್ತಾರೆ."

ಹಳ್ಳಿಯಲ್ಲಿ ಬೀದಿ ಕೇಳುವುದೆಂದರೆ ಜಾತಿ ಕೇಳುವುದು. ಅಂದು ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ನಾನೂ ಅದನ್ನೇ ಕೇಳಿದ್ದೆ; ಉತ್ತರ ಕೇಳಿಯೂ ಕುರ್ಚಿ ಎಳೆದುಕೊಂಡು ಕೂತೆನಲ್ಲ ಎಂದು ಒಳಗೊಳಗೇ ಬೀಗಿದ್ದೆ. ಈಗ ತಲೆಯೆತ್ತಲು ನಾಚಿಕೆಯಾಯಿತು. ತಪ್ಪಾಯ್ತಮ್ಮ ಎಂದೆ. ಅವರು ಪೆನ್‌ಡ್ರೈವಿಗಾಗಿ ಕೈ ಚಾಚಿದರು.

ಪರದೆ ಬೆಳಗಿತು. ನಾಗರತ್ನ ಅಕ್ಷರಗಳನ್ನು ಅಂಗೈಯಗಲ ಮಾಡಿ, ಹಿಂದೆ ಸರಿದು, ಗೋಡೆಗೊರಗಿ ನಿಂತು ಓದಿ ನೋಡಿದರು. ಬೆಳಿಗ್ಗೆಯೇ ಕೇಳಬೇಕಾಗಿದ್ದನ್ನು ನಾನು ಆಗ ಕೇಳಿದೆ: ನೀವು ಈಗ ಯಾವ ಪುಸ್ತಕ ಓದುತ್ತಿದ್ದೀರಿ? ಅವರು ಹೇಳಿ ಮುಗಿಸುವ ಹೊತ್ತಿಗೆ ನಂಜನಗೂಡಿಗೆ ಎರಡು ಬಸ್ಸು ಹೋಗಿದ್ದವು.