ತಾತ್ಯಾಸಾಹೇಬ ಮಾಸ್ತರರ ನಂಬರು

ಆ ದಿನ ಮುಂಜಾನೆ ತಾತ್ಯಾಸಾಹೇಬ ಮಾಸ್ತರರು ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದರು. ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಫೋನು. ತುತ್ತು ಬಾಯಿಗೆ ಹೋಗುವಾಗಲೂ ಹೆಬ್ಬೆರಳು ಫೋನಿನ ಮೇಲೆ ಓಡುತ್ತಿತ್ತು. ಹೆಂಡತಿ ಅನುಸೂಯಾ ನೋಡಿ ನೋಡಿ ಸಾಕಾಗಿ ಅಂದಳು:

"ಆ ಫೋನಿನ ಜೋಡೀನ ಲಗ್ನಾ ಆಗಬೇಕಿತ್ರಿ ನೀವು."

"ಆಗಬಹುದಿತ್ತು. ಅದರ ಬ್ಯಾಟರಿ ಸಂಜೀಕ ಮುಗೀತೈತಿ. ನಿನ್ನ ಬಾಯಿ ಯಾವಾಗ ಮುಗೀತೈತಿ ಹೇಳು?"

ಅವಳು ಬುತ್ತಿ ಕಟ್ಟಿಕೊಟ್ಟಳು. "ಲಗೂ ಬರ್ರಿ. ಚಳಿಗಾಲ ಐತಿ, ಹೊತ್ತು ಬ್ಯಾಗ ಮುಳುಗತೈತಿ," ಅಂದಳು. ಅವರು "ಹ್ಞೂಂ" ಅಂದು ಗಾಡಿ ಚಾಲೂ ಮಾಡಿದರು. ವಿಶೇಷ ಮಾತೇನೂ ಆಗಲಿಲ್ಲ.

ಹೊತ್ತು ಮುಳುಗುವುದು ಆ ಮನೆಯಲ್ಲಿ ದೊಡ್ಡ ವಿಷಯ. ಜೈನರ ಮನೆ. ಒಮ್ಮೆ ಚಾತುರ್ಮಾಸಕ್ಕೆ ಬಂದ ಮುನಿ ಮಹಾರಾಜರ ಮುಂದೆ ಗಂಡಹೆಂಡತಿ ಇಬ್ಬರೂ ಕೂಡಿ ರಾತ್ರಿ ಊಟ ಬಿಡುವ ನೇಮ ಹಿಡಿದಿದ್ದರು. ಸೂರ್ಯ ಇರುವುದರೊಳಗೆ ಉಂಡರೆ ಉಂಡಂತೆ. ಇಲ್ಲದಿದ್ದರೆ ಮರುದಿನ ಮುಂಜಾನೆಯೇ. ಮುಂದೆ ಮಾಸ್ತರರಿಗೆ ಸಕ್ಕರೆ ಕಾಯಿಲೆ ಬಂತು. ಗುಳಿಗೆ ತೆಗೆದುಕೊಂಡ ಮೇಲೆ ಊಟ ತಪ್ಪಿಸಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ನೇಮವೂ ಇತ್ತು, ಗುಳಿಗೆಯೂ ಇತ್ತು. ಮನೆಗೆ ಹೊತ್ತಿಗೆ ಸರಿಯಾಗಿ ಬಂದರೆ ಎರಡೂ ನಡೆಯುತ್ತಿದ್ದವು. ಅನುಸೂಯಾಗೆ ಬೇಕಾದದ್ದು ಇಷ್ಟೇ: ಸೂರ್ಯ ಇಳಿಯುವುದರೊಳಗೆ ಆ ಫೋನು ತನ್ನ ಗಂಡನನ್ನು ಬಿಡಬೇಕು.

ಫೋನು ಬಿಡುತ್ತಿರಲಿಲ್ಲ.

ಮಾಸ್ತರರ ಶಾಲೆ ಸಾವಳಗಿಯ ಆಚೆ, ಕಬ್ಬಿನ ನಡುವಿನ ತೋಟದ ಶಾಲೆ. ಇಬ್ಬರೇ ಮಾಸ್ತರರು. ಹೆಡ್‌ಮಾಸ್ತರ ಮುರಗೆಪ್ಪನವರ ಕೈಯಲ್ಲಿ ಬಟನ್ ಫೋನು. ಎಲ್ಲವೂ ಆ್ಯಪ್‌ನಲ್ಲಿ ಎಂದು ಮೇಲಿನಿಂದ ಹುಕುಂ ಬಂದಾಗ ಮುರಗೆಪ್ಪನವರು, "ತಾತ್ಯಾ, ನಿನ್ನ ನಂಬರ ಕೊಟ್ಟುಬಿಡಪಾ, ನನಗ ಇದು ಆಗಂಗಿಲ್ಲ," ಅಂದರು. ಮಾಸ್ತರರು ಕೊಟ್ಟರು. ಹುಡುಗರ ಹಾಜರಿ, ಅಡಿಗೆಯ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಫೋಟೋ ಎಲ್ಲವೂ ಆ ಒಂದೇ ನಂಬರಿನ ಮೇಲೆ ಕೂತವು.

ಅವರಿಗೆ ಅದರ ಹುರುಪೂ ಇತ್ತು. ಸುಳ್ಳು ಯಾಕೆ ಹೇಳಬೇಕು. ಮಿರಜಿಗೆ ಕೊಟ್ಟ ಮಗಳು ಪ್ರಾಚಿ ದೀಪಾವಳಿಗೆ ಬಂದಾಗ ವಿಡಿಯೋ ಮಾಡುವುದನ್ನು ಕಲಿಸಿ ಹೋದಳು. ಮಾಸ್ತರರು ಅನುಸೂಯಾಳ ಕೈಯಲ್ಲಿ ಜೋಳದ ರೊಟ್ಟಿ ಹಿಡಿಸಿ, ಅರ್ಧ, ಕಾಲು, ಅರೆಕಾಲು ಎಂದು ಹರಿದು ತೋರಿಸಿ ಭಿನ್ನರಾಶಿಯ ಪಾಠ ಮಾಡಿದರು. ಅವಳ ಕೈ, ಹಸಿರು ಬಳೆ ಮಾತ್ರ ಕಾಣುತ್ತವೆ. ತೋಟದ ಹುಡುಗರು ಅದನ್ನು ನೋಡಿ ಲೆಕ್ಕ ಕಲಿತರು. ಮುಧೋಳದ ಮಾಸ್ತರರೂ ನೋಡಿದರು. ಮುಧೋಳದಲ್ಲಿ, ಬೀಳಗಿಯಲ್ಲಿ ತರಬೇತಿ ಆದಾಗ ಪಾಠ ಹೇಳಲು ಇವರನ್ನೇ ಕರೆದು ನಿಲ್ಲಿಸಿದರು, ಸರ್ಟಿಫಿಕೇಟು ಕೊಟ್ಟರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಅನುಸೂಯಾ ಆ ಸರ್ಟಿಫಿಕೇಟುಗಳನ್ನು ಒರೆಸಿ ಒರೆಸಿ ಗೋಡೆಗೆ ಹಾಕಿದಳು.

ಆಮೇಲೆ ಶುರುವಾಯಿತು. ಬಲ್ಲವರು ಎಂದು ಗೊತ್ತಾದ ಮೇಲೆ ಯಾರು ಬಿಡುತ್ತಾರೆ? "ಸರ್, ನಮ್ಮ ಸಾಲೀದೂ ಒಂದೀಟು ಹಾಕಿಕೊಡ್ರಿ." "ಸರ್, ಫೋಟೋ ಹೋಗವಲ್ದರಿ." ಬೇಗ ಮಾಡಿದಷ್ಟೂ ಕೆಲಸ ಹೆಚ್ಚಾಯಿತು. ತೋಟದಲ್ಲಿ ಸಿಗ್ನಲ್ ಇಲ್ಲ. ಶಾಲೆ ಬಿಟ್ಟ ಮೇಲೆ ಕಾಲುವೆಯ ಏರಿಯ ಮೇಲೆ ಗಾಡಿ ನಿಲ್ಲಿಸಿ ಅಲ್ಲೇ ಎಲ್ಲ ಕಳಿಸಬೇಕು. ಎಷ್ಟೋ ಸಂಜೆ ಅವರು ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ನೀಡಿದ ತಾಟು ಹಾಗೇ ಇರುತ್ತಿತ್ತು.

"ಬ್ಯಾರೇದವರದ್ದೂ ನೀವ ಯಾಕ ಮಾಡಬೇಕ್ರಿ? ಅವರಿಗೆ ಕೈ ಇಲ್ಲೇನು?"

"ಕೈ ಐತಿ, ಅಂಜಿಕಿ ಐತಿ. ನಾನೂ ಮೊದಲ ಹಂಗ ಇದ್ದೆ. ಎಲ್ಲಾರೂ ಕಲಿಯೂತನಕ ಅಷ್ಟ."

ಎಲ್ಲರೂ ಕಲಿಯಲಿಲ್ಲ.

ಬುತ್ತಿ ಕಟ್ಟಿಕೊಟ್ಟ ಆ ದಿನವೂ ಸಂಜೆ ಬಿಸಿಲು ಕೆಂಪಾದಾಗ ಅನುಸೂಯಾ ತನ್ನ ಸಣ್ಣ ಫೋನಿನಿಂದ ಕರೆ ಮಾಡಿದಳು.

"ಎಲ್ಲಿ ಅದೀರಿ?"

"ಏರಿ ಮ್ಯಾಲೆ. ಗುಳಿಗಿ ತಗೊಂಡೇನಿ. ತಾಟಿಗಿ ನೀಡು, ಈಗ ಹೊಂಟೆ."

ಊಟಕ್ಕೆ ಮೊದಲು ತೆಗೆದುಕೊಳ್ಳುವ ಗುಳಿಗೆ ಅದು. ಮನೆಗೆ ಹೋಗಿ ಕೂಡಲೇ ಉಣ್ಣಬಹುದು ಎಂದು ದಾರಿಯಲ್ಲೇ ನುಂಗಿದ್ದರು. ಅವಳು ಎಲ್ಲ ನೀಡಿ ಬಾಗಿಲಲ್ಲಿ ನಿಂತಳು. ಬರಲಿಲ್ಲ. ಮತ್ತೆ ಕರೆ ಮಾಡಿದಳು.

"ಬೀಳಗಿ ಟೀಚರ ಪಾಸ್‌ವರ್ಡ್ ಮರತಾರಂತ. ಅಳಾಕತ್ತಾರ. ಅವರದಿಷ್ಟು ಮುಗಿಸಿ ಬಂದೆ, ಇಡು."

ಅವರು ಬಂದಾಗ ಬಸದಿಯಲ್ಲಿ ದೀಪ ಹಚ್ಚಿಯಾಗಿತ್ತು. ಆ ಚಳಿಯಲ್ಲೂ ಅವರ ಹಣೆಯ ಮೇಲೆ ಬೆವರು. ತಾಟು ನೋಡಿ, "ತಗದಿಡು," ಅಂದರು.

"ಬೆಲ್ಲಾರೆ ಒಂದ ಚೂರು ಬಾಯಾಗ ಹಾಕೋರಿ. ಗುಳಿಗಿ ತಗೊಂಡೀರಿ."

"ಹೊತ್ತು ಮುಳುಗೇತಿ. ಇಷ್ಟು ವರ್ಷ ಹಿಡಿದ ನೇಮ ಒಂದ ಪಾಸ್‌ವರ್ಡ್ ಸಲುವಾಗಿ ಮುರೀಲೇನು? ಮುಂಜಾನೆ ಎರಡ ರೊಟ್ಟಿ ಹೆಚ್ಚ ತಿಂತೇನಿ, ಬಿಡು."

ನೇಮದ ಮಾತಿಗೆ ಆ ಮನೆಯಲ್ಲಿ ಎದುರು ಮಾತು ಇರಲಿಲ್ಲ. ಅವಳು ತಾಟು ಎತ್ತಿಟ್ಟಳು. ಅವರು ದಣಿವಾಗಿದೆ ಎಂದು ಮಲಗಿದರು. ಮುಂಜಾನೆ ಫೋನಿನ ಅಲಾರಾಂ ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಅವರು ಏಳಲಿಲ್ಲ.

ಸಕ್ಕರೆ ಪೂರಾ ಇಳಿದಿರಬೇಕು ಎಂದರು ಡಾಕ್ಟರು. ಯಾರನ್ನು ಬೈಯುವುದು? ಮುನಿಗಳನ್ನೇ? ಗುಳಿಗೆಯನ್ನೇ? ಅಳುತ್ತ ಕೂತಿದ್ದ ಬೀಳಗಿಯ ಟೀಚರನ್ನೇ? ಅನುಸೂಯಾಗೆ ಯಾರೂ ಸಿಗಲಿಲ್ಲ.

ಹೆಣ ಅಂಗಳದಲ್ಲಿದ್ದಾಗಲೂ ಫೋನು ಗುಂಯ್‌ಗುಟ್ಟುತ್ತಿತ್ತು. ಮಿರಜಿನಿಂದ ಓಡಿಬಂದ ಪ್ರಾಚಿ ತೆಗೆದು ನೋಡಿದಳು. ಮಾಸ್ತರರ ಗುಂಪಿನಲ್ಲಿ ಶ್ರದ್ಧಾಂಜಲಿಯ ಸಾಲು, ಕೈಮುಗಿದ ಚಿತ್ರಗಳು. ಅದರ ಕೆಳಗೇ ಮತ್ತೊಂದು: ಇನ್ನೂ ಹಾಜರಿ ತುಂಬದ ಶಾಲೆಗಳು. ತೋಟದ ಶಾಲೆಯ ಹೆಸರು ಕೆಂಪಕ್ಷರದಲ್ಲಿತ್ತು.

"ಅವ್ವಾ, ಈ ಸಿಮ್ ಬಂದ್ ಮಾಡಿಸಿಬಿಡೂನು," ಅಂದಳು ಪ್ರಾಚಿ, ಸೂತಕದ ದಿನಗಳೆಲ್ಲ ಮುಗಿದ ಮೇಲೆ.

"ಮಾಡಿಸವ್ವಾ. ಇನ್ನಾರೆ ಅವರನ್ನ ಬಿಡಲಿ."

ಫೋನನ್ನು ಆಫ್ ಮಾಡಿ ಕಪಾಟಿನಲ್ಲಿಟ್ಟರು. ಸಿಮ್ ಅಂಗಡಿಗೆ ಹೋಗುವ ಮೊದಲೇ ಮುರಗೆಪ್ಪನವರು ಬಂದರು. ಮಾಸ್ತರರ ಜಾಗಕ್ಕೆ ಬಂದ ಹುಡುಗಿ ಸಂಧ್ಯಾಳನ್ನೂ ಕರೆತಂದಿದ್ದರು. ಚಹಾ ಕೊಟ್ಟರೂ ಮುಟ್ಟಲಿಲ್ಲ.

"ವೈನಿ, ಫೋನ್ ಚಾಲೂ ಇಡಬೇಕ್ರಿ," ಅಂದರು ಮುರಗೆಪ್ಪನವರು, ನೆಲ ನೋಡುತ್ತ. "ದಿನಾ ಮುಂಜಾನೆ ಹಾಜರಿ ಹಾಕಬೇಕಾದ್ರ ತಾತ್ಯಾನ ನಂಬರಿಗೆ ಓಟಿಪಿ ಬರತೈತಿ. ಅದನ್ನ ಹಾಕದಿದ್ರ ಆ್ಯಪ್ ತೆರಿಯಂಗಿಲ್ಲ."

"ಸತ್ತವರ ನಂಬರ ಯಾಕ ಬೇಕ್ರಿ ನಿಮಗ? ನಿಮ್ಮದು ಹಾಕೋರಿ."

"ಬದಲಿ ಮಾಡಾಕ ಬರದ ಕೊಟ್ಟೇವ್ರಿ. ಮ್ಯಾಲಿಂದ ಮಂಜೂರಿ ಬರಬೇಕು. ಅದು ಬಂದಿಲ್ಲ. ಎರಡ ಸಲ ಹೋಗಿ ಬಂದೆ. ನಮ್ಮ ಕೈಯಾಗ ಏನೂ ಇಲ್ರಿ."

"ನನ್ನ ಕೈಯಾಗ ಏನೈತ್ರಿ?"

ಸಂಧ್ಯಾ ಮೆಲ್ಲಗೆ ಅಂದಳು, "ಕಾಕು, ಹಾಜರಿ ಬೀಳಲಿಲ್ಲಂದ್ರ ಅವತ್ತಿನ ಹುಡುಗರ ಊಟಾ ಲೆಕ್ಕಕ್ಕ ಬರಂಗಿಲ್ರಿ. ಮ್ಯಾಲಿನವರು ನನಗ ಜವಾಬು ಕೇಳಾಕತ್ತಾರ."

ಪ್ರಾಚಿ ಸಿಟ್ಟಿಗೆದ್ದಳು. "ನಮ್ಮಪ್ಪನ್ನ ತಿಂದಿದ್ದು ಸಾಲಲಿಲ್ಲೇನ್ರಿ ನಿಮಗ?"

"ಬಾಯಿ ಮುಚ್ಚು," ಅಂದಳು ಅನುಸೂಯಾ. ಆ ಹುಡುಗಿಯ ಮುಖ ನೋಡಿದಳು. ಕಣ್ಣ ಸುತ್ತ ಕಪ್ಪಾಗಿತ್ತು. ಇವಳನ್ನು ಬೈದು ಏನು ಬಂತು? ಎದ್ದು ಹೋಗಿ ಕಪಾಟು ತೆರೆದಳು.

"ಮಂಜೂರಿ ಬರೂತನಕ ಅಷ್ಟ," ಅಂದಳು.

ಮಂಜೂರಿ ಬಂದಿಲ್ಲ. ಮಳೆಗಾಲ ಹೋಯಿತು, ಕಬ್ಬು ಕಡಿಯುವುದು ಮತ್ತೆ ಶುರುವಾಯಿತು. ಮುರಗೆಪ್ಪನವರು ನಿವೃತ್ತರಾದರು. ಹೊಸ ಹೆಡ್‌ಮಾಸ್ತರರೂ ಬರೆದು ಕೊಟ್ಟಿದ್ದಾರಂತೆ. ಅನುಸೂಯಾ ಒಬ್ಬಳೇ ಇದ್ದಾಳೆ. ಮಿರಜಿಗೆ ಬಾ ಎಂದು ಪ್ರಾಚಿ ಕರೆಯುತ್ತಾಳೆ. ಹೋದರೆ ಆ ಫೋನನ್ನೂ ಒಯ್ಯಬೇಕು. ದಾರಿಯಲ್ಲಿ ಸಿಗ್ನಲ್ ತಪ್ಪಿದರೆ ಎಂದು ಹೋಗುವುದಿಲ್ಲ.

ಮುಂಜಾನೆ ಎದ್ದು ನೀರು ಸೋಸಿ, ಬಸದಿಗೆ ಹೋಗಿ ಬಂದು, ಫೋನನ್ನು ಚಾರ್ಜಿಗೆ ಹಚ್ಚಿ ಅದರ ಮುಂದೆ ಕೂರುತ್ತಾಳೆ. ಶಾಲೆಯ ಗಂಟೆ ಆಗುವ ಹೊತ್ತಿಗೆ ಅದು ಗುಂಯ್ ಎನ್ನುತ್ತದೆ. ಅವಳ ಸಣ್ಣ ಫೋನಿಗೆ ಸಂಧ್ಯಾಳ ಕರೆ ಬರುತ್ತದೆ.

"ಬಂತೇನ್ರಿ ಕಾಕು?"

"ಬಂತು. ಬರ್ಕೊ."

ಕನ್ನಡಕ ಹಾಕಿಕೊಂಡು ಅಂಕಿಗಳನ್ನು ಒಂದೊಂದಾಗಿ ಓದುತ್ತಾಳೆ. ಒಂದು ತಪ್ಪಿದರೂ ಮೊದಲಿಂದ ಆಗಬೇಕು ಎಂದು ನಿಧಾನವಾಗಿ ಓದುತ್ತಾಳೆ.